ಚಿಕ್ಕ ಮಕ್ಕಳನ್ನ ಮರ ಗಿಡ ಮಣ್ಣಿನ ಹತ್ರ ಬಿಡೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಇದನ್ನ ಬರೀತಿರೋದು ಬೆಂಗಳೂರು, ಮೈಸೂರು ಥರದ ಊರಲ್ಲಿ 3ರಿಂದ 7-8 ವರ್ಷದ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ. ನಮ್ಮ ಏರಿಯಾದ ಕೆಲವು ಮನೆಯವರು ಭಾನುವಾರ ಬೆಳಗ್ಗೆ ಮಕ್ಕಳನ್ನ ಸೇರಿಸ್ಕೊಂಡು ಕೆರೆ ಕಡೆ ಹೋಗ್ತೀವಿ, ಹೊಸದಾಗಿ ಸೇರೋರೆಲ್ಲಾ ವಾಟ್ಸಾಪಲ್ಲಿ ಅದೇ ಪ್ರಶ್ನೆಗಳನ್ನೇ ಕೇಳ್ತಾರೆ, ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ನಾನು ಡಾಕ್ಟರೂ ಅಲ್ಲ, ಬಾಟನಿ ಓದಿದೋಳೂ ಅಲ್ಲ, ಇಬ್ಬರು ಮಕ್ಕಳ ತಾಯಿ ಅಷ್ಟೇ.

ಪಾರ್ಕಿಗೆ ಹೋಗ್ತಾನೇ ಇರ್ತೀವಲ್ಲ, ಇದರಲ್ಲಿ ಹೊಸದೇನಿದೆ?

ಜಾರುಬಂಡೆ, ಉಯ್ಯಾಲೆ ಆಡಿ ಬರೋದು ಒಳ್ಳೇದೇ, ಬಿಡಿ ಅಂತ ಯಾರೂ ಹೇಳ್ತಿಲ್ಲ. ಇಲ್ಲಿ ಆಟದ ಸಾಮಾನು ಅಂದ್ರೆ ನೆಲದ ಮೇಲೆ ಬಿದ್ದಿರೋದೇ: ಕಡ್ಡಿ, ಕಲ್ಲು, ಎಲೆ, ನೀರು, ಮಣ್ಣು, ಇರುವೆ. ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗೋದು. ಈ ವಾರ ಬನ್ನೇರುಘಟ್ಟ, ಮುಂದಿನ ವಾರ ನಂದಿ ಬೆಟ್ಟ, ಆಮೇಲೆ ಇನ್ಯಾವುದೋ ಫಾರ್ಮು ಅಂತ ಸುತ್ತಿಸಿದ್ರೆ ದೊಡ್ಡೋರಿಗೆ ಖುಷಿ, ಮಗುಗೆ ಕಾರಿನ ಕಿಟಕಿಯಲ್ಲಿ ಕಂಡಿದ್ದೇ ನೆನಪಿರುತ್ತೆ. ಅದೇ ಹೊಂಗೆ ಮರದ ಕೆಳಗೆ ಪ್ರತಿ ವಾರ ಕೂತ್ರೆ ಫೆಬ್ರವರಿ ಮಾರ್ಚಲ್ಲಿ ತಿಳಿ ಹಸಿರು ಚಿಗುರು ಬರೋದು, ಆಮೇಲೆ ನೆಲದ ತುಂಬಾ ಹೂ ಉದುರೋದು, ಚಪ್ಪಟೆ ಕಾಯಿ ನೇತಾಡೋದು, ಅದು ಒಣಗಿ ಬೀಳೋದು ಎಲ್ಲಾ ಮಗು ತಾನೇ ನೋಡುತ್ತೆ. "ಅಮ್ಮಾ, ಹೋದ ಸಲ ಇಲ್ಲಿ ಹೂ ಇತ್ತು, ಎಲ್ಲೋಯ್ತು?" ಅಂತ ಅದೇ ಕೇಳೋವರೆಗೂ ಕಾಯಬೇಕು, ನಾವೇ ಬಾಯಿ ಹಾಕಬಾರದು, ಇದು ಕಷ್ಟ ಅಂತ ಗೊತ್ತು.

ಎಷ್ಟು ವಯಸ್ಸಿಗೆ ಶುರು ಮಾಡ್ಬೋದು?

ನಡೆಯೋಕೆ ಬಂದ್ರೆ ಸಾಕು. 2 ವರ್ಷದ ಪಾಪು ಜೊತೆ ಹೋದ್ರೆ ಅರ್ಧ ಗಂಟೇಲಿ ಹತ್ತು ಹೆಜ್ಜೆ ದಾಟಲ್ಲ, ಒಂದೇ ಕಲ್ಲನ್ನ ಎತ್ತಿ ಇಟ್ಟು ಎತ್ತಿ ಇಟ್ಟು ಮಾಡ್ತಿರುತ್ತೆ, ಅದೇ ಅದರ ಪಾಠ, ಎಳ್ಕೊಂಡು ಮುಂದೆ ಹೋಗ್ಬೇಡಿ.

ಬೆಂಗಳೂರಲ್ಲಿ ಕಾಡೆಲ್ಲಿದೆ ಮೇಡಂ? ಎಲ್ಲಿಗೆ ಹೋಗೋದು?

ಕಾಡು ಬೇಡ. ಮನೆಯಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಒಂದು ದೊಡ್ಡ ಮರ, ಅದರ ಕೆಳಗೆ ಸಿಮೆಂಟ್ ಹಾಕದೇ ಇರೋ ಒಂದಿಷ್ಟು ನೆಲ, ಇಷ್ಟಿದ್ರೆ ಸಾಕು. ದೇವಸ್ಥಾನದ ಅರಳಿಕಟ್ಟೆ ಆಗುತ್ತೆ. ಖಾಲಿ ಸೈಟ್ ಆಗುತ್ತೆ, ಗಾಜು ಗೀಜು ಇದೆಯಾ ಅಂತ ಮೊದಲು ನೀವೊಬ್ರೇ ಹೋಗಿ ನೋಡ್ಕೊಂಡು ಬನ್ನಿ. ಕೆರೆ ಏರಿ ತುಂಬಾ ಚೆನ್ನಾಗಿರುತ್ತೆ, ಆದ್ರೆ ನೀರಿನ ಕಡೆ ಯಾವಾಗ್ಲೂ ದೊಡ್ಡೋರೊಬ್ರು ನಿಂತಿರ್ಲೇಬೇಕು, ಇದರಲ್ಲಿ ರಾಜಿ ಇಲ್ಲ, ಫೋನ್ ಜೇಬಲ್ಲಿರ್ಲಿ.

ತಿಂಗಳಿಗೊಂದ್ಸಲ ದೊಡ್ಡ ಜಾಗಕ್ಕೆ ಹೋಗ್ಬೇಕು ಅನ್ಸಿದ್ರೆ ಲಾಲ್‌ಬಾಗ್ ನನ್ನ ಫೇವರಿಟ್, 240 ಎಕರೆ. ಗಾಜಿನ ಮನೆ ಹತ್ರ ಜನ ಜಾಸ್ತಿ, ನೀವು ನೇರವಾಗಿ ಬಂಡೆ ಹತ್ರ ಹೋಗಿ, ಕೆಂಪೇಗೌಡ ಗೋಪುರ ಇದೆಯಲ್ಲ ಅದು. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಭೂವಿಜ್ಞಾನ ಇಲಾಖೆಯವರ ಬೋರ್ಡೂ ಇದೆ. ಮಕ್ಕಳಿಗೆ ಆ ನಂಬರ್ ಹೇಳಿ ಏನೂ ಪ್ರಯೋಜನ ಇಲ್ಲ. ಬೆಳಗ್ಗೆ ಏಳಕ್ಕೆ ಬಂಡೆ ಮೇಲೆ ಅಂಗೈ ಇಟ್ಟು ನೋಡ್ಲಿ, ಒಂಬತ್ತೂವರೆಗೆ ಇನ್ನೊಂದ್ಸಲ ಇಟ್ಟು ನೋಡ್ಲಿ, ತಣ್ಣಗಿದ್ದ ಕಲ್ಲು ಯಾಕೆ ಬಿಸಿ ಆಯ್ತು ಅನ್ನೋದೇ ಒಂದು ದಿನಕ್ಕೆ ಸಾಕು. ಕಬ್ಬನ್ ಪಾರ್ಕಲ್ಲಿ ಬಿದಿರು ಮೆಳೆಗಳು ಚೆನ್ನಾಗಿವೆ, ಗಾಳಿ ಬಂದ್ರೆ ಕಿರ್ ಕಿರ್ ಅನ್ನುತ್ತೆ, ಕಣ್ಣು ಮುಚ್ಕೊಂಡು ಕೇಳೋಕೆ ಹೇಳಿ. ಮೈಸೂರಿನೋರು ಪುಣ್ಯವಂತರು, ಕುಕ್ಕರಹಳ್ಳಿ ಕೆರೆ ಊರೊಳಗೇ ಇದೆ. ಮೈಸೂರು ರಸ್ತೆಲಿ ಕೇತೋಹಳ್ಳಿ ದೊಡ್ಡ ಆಲದ ಮರ ಒಂದ್ಸಲ ತೋರಿಸಿ, ಒಂದೇ ಮರ ಸುಮಾರು ಮೂರು ಎಕರೆ ಹರಡಿದೆ, ಕೋತಿ ಕಾಟ ಇದೆ, ತಿಂಡಿ ಕೈಯಲ್ಲಿ ಹಿಡ್ಕೋಬೇಡಿ.

ಪಾರ್ಕಲ್ಲಿ ವಾಚ್‌ಮ್ಯಾನ್ ಹುಲ್ಲಿನ ಮೇಲೆ ಕಾಲಿಟ್ರೆ ಸೀಟಿ ಊದ್ತಾನೆ ಅನ್ನೋದು ಎಲ್ಲರ ಗೋಳು. ನಮ್ಮ ಕಡೆ ಒಬ್ರು ಮಾಲಿ ಅಣ್ಣ ಇದ್ರು, ಅವರ ಜೊತೆ ಮಾತಾಡಿ ಮಕ್ಕಳ ಕೈಲಿ ಒಣ ಎಲೆ ಗುಡ್ಡೆ ಹಾಕಿಸಿದ್ವಿ, ಅವತ್ತಿಂದ ಅವರೇ ಕರ್ದು ಹಕ್ಕಿ ಗೂಡು ತೋರಿಸ್ತಾರೆ. ಮಾತಾಡಿ ನೋಡಿ.

ಹೋಗಿ ಅಲ್ಲಿ ಏನ್ ಮಾಡಿಸ್ಬೇಕು? ಆಕ್ಟಿವಿಟಿ ಲಿಸ್ಟ್ ಇದೆಯಾ?

ಲಿಸ್ಟ್ ಇಲ್ಲ, ಕೊಡೋದೂ ಇಲ್ಲ, ಕೊಟ್ರೆ ನೀವು ಟಿಕ್ ಹಾಕ್ತಾ ಕೂರ್ತೀರ. ಮೊದಲ ಕಾಲು ಗಂಟೆ ಮಕ್ಕಳು "ಬೋರು" ಅಂತಾರೆ, ತಿಂಡಿ ಕೇಳ್ತಾರೆ, ನಿಮ್ಮ ಕಾಲು ಸುತ್ತಾ ಸುತ್ತುತ್ತಾರೆ, ಅದನ್ನ ತಡ್ಕೊಂಡ್ರೆ ಆಮೇಲೆ ತಾವೇ ಏನೋ ಹುಡುಕ್ತಾರೆ. ಆ ಕಾಲು ಗಂಟೇಲಿ ಫೋನ್ ಕೊಟ್ರೋ ಅವತ್ತಿನ ಕಥೆ ಮುಗೀತು.

ಏನೇನು ಸಿಗುತ್ತೆ ಅನ್ನೋದಕ್ಕೆ ಉದಾಹರಣೆ ಬೇಕಾದ್ರೆ ಹೇಳ್ತೀನಿ. ನೀರುಕಾಯಿ ಮರದ ಮೊಗ್ಗು ಕಂಡ್ರೆ ತುದಿ ಒತ್ತಿ ಒಬ್ಬರ ಮೇಲೊಬ್ರು ನೀರು ಚಿಮ್ಮಿಸೋದು, ನಾವೆಲ್ಲಾ ಮಾಡಿದ್ದೇ. ಮೇ ಫ್ಲವರ್ ಹೂವಿನ ಕೇಸರಗಳನ್ನ ಒಂದಕ್ಕೊಂದು ಸಿಕ್ಕಿಸಿ ಎಳೆದು ಯಾರದ್ದು ತಲೆ ಕಿತ್ತೋಗುತ್ತೆ ನೋಡೋದು. ಮುಟ್ಟಿದರೆ ಮುನಿ ಸಿಕ್ಕಿದ್ರಂತೂ ಅರ್ಧ ಗಂಟೆ ಎಲ್ಲೂ ಹೋಗಲ್ಲ. ಗೋಡೆ ಬುಡದಲ್ಲಿ ಮಳೆ ಬೀಳದ ಪುಡಿ ಮಣ್ಣಲ್ಲಿ ಆಲಿಕೆ ಆಕಾರದ ಚಿಕ್ಕ ಚಿಕ್ಕ ಗುಳಿ ಇರುತ್ತೆ ನೋಡಿ, ಅದರ ತಳದಲ್ಲಿ ಒಂದು ಹುಳ ಅವಿತಿರುತ್ತೆ, ಇರುವೆ ಜಾರಿ ಬಿದ್ರೆ ಹಿಡಿಯೋಕೆ. ಹುಲ್ಲು ಕಡ್ಡಿ ತುದಿಯಿಂದ ಮೆಲ್ಲಗೆ ಒಂದೆರಡು ಕಾಳು ಮಣ್ಣು ಬೀಳಿಸಿದ್ರೆ ಅದು ಇರುವೆ ಬಂತು ಅಂದ್ಕೊಂಡು ಮಣ್ಣು ಎರಚುತ್ತೆ. ಅದಕ್ಕೆ ತಾಳ್ಮೆ ಬೇಕು, ಐದು ವರ್ಷದ ತುಂಟರೂ ಉಸಿರು ಬಿಗಿ ಹಿಡ್ದು ಕೂರ್ತಾರೆ.

ಮನೆ ಬಾಲ್ಕನಿಯಲ್ಲೇ ಮಾಡ್ಬೇಕು ಅಂದ್ರೆ ಒಂದು ಕರಿಬೇವು ಅಥವಾ ನಿಂಬೆ ಗಿಡ ಸಾಕು. ಕಪ್ಪು ಚಿಟ್ಟೆ ಒಂದು ಬಂದು ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆ ಒಂದೊಂದೇ ಇಟ್ಟು ಹೋಗುತ್ತೆ. ಮರಿ ಹುಳ ಶುರುವಲ್ಲಿ ಕಂದು ಬಿಳಿ, ಥೇಟ್ ಹಕ್ಕಿ ಹಿಕ್ಕೆ ಬಿದ್ದಂಗೇ ಕಾಣುತ್ತೆ, ಹಕ್ಕಿ ತಿನ್ನದೇ ಇರ್ಲಿ ಅಂತ. ದೊಡ್ಡದಾದ್ಮೇಲೆ ಎಲೆ ಹಸಿರು. ಆಗ ಮೆಲ್ಲಗೆ ಮುಟ್ಟಿದ್ರೆ ತಲೆ ಹಿಂದಿಂದ ಕೆಂಪೋ ಕಿತ್ತಳೆಯೋ ಬಣ್ಣದ ಎರಡು ಕೊಂಬು ಹೊರಗೆ ಬಂದು ಒಂಥರಾ ಘಾಟು ವಾಸನೆ ಬಿಡುತ್ತೆ, ಮಕ್ಕಳು ಕಿಟಾರ್ ಅಂತ ಕಿರುಚಿ ಮತ್ತೆ ಇನ್ನೊಂದ್ಸಲ ಅಂತಾರೆ (ಇನ್ನೊಂದ್ಸಲ ಬೇಡ, ಅದಕ್ಕೂ ಸುಸ್ತಾಗುತ್ತೆ). ಆಮೇಲೆ ಕಡ್ಡಿಗೆ ಸೊಂಟಕ್ಕೊಂದು ದಾರ ಕಟ್ಕೊಂಡು ಕೋಶ ಆಗುತ್ತೆ, ಎಲ್ಲಾ ಸೇರಿ ಸುಮಾರು ಒಂದು ತಿಂಗಳೊಳಗೆ ಚಿಟ್ಟೆ ರೆಡಿ. ಒಗ್ಗರಣೆಗೆ ಕರಿಬೇವು ಇಲ್ಲ ಅಂತ ಅತ್ತೆ ಬೈದ್ರೆ ನನ್ನ ಹೆಸರು ಹೇಳ್ಬೇಡಿ.

ನನಗೇ ಬೇವು ಯಾವುದು ಹೊಂಗೆ ಯಾವುದು ಗೊತ್ತಾಗಲ್ಲ, ನಾನೇನ್ ಹೇಳ್ಕೊಡ್ಲಿ?

ಹೇಳ್ಕೊಡೋದು ಬೇಡ್ವೇ ಬೇಡ. "ಇದೇನು?" ಅಂತ ಮಗು ಕೇಳಿದ್ರೆ "ಗೊತ್ತಿಲ್ಲ ಪುಟ್ಟ, ನೋಡೋಣ ಬಾ" ಅನ್ನಿ, ಅದು ಒಳ್ಳೆ ಉತ್ತರ. ಹೆಸರು ಹೇಳಿದ ತಕ್ಷಣ ಮಗು ನೋಡೋದನ್ನ ನಿಲ್ಲಿಸಿ ಮುಂದಿನದಕ್ಕೆ ಓಡುತ್ತೆ, ಇದನ್ನ ನಾನು ಎಷ್ಟೋ ಸಲ ನೋಡಿದೀನಿ. ಅವರೇ ಹೆಸರಿಡ್ಲಿ. ನಮ್ಮ ಗುಂಪಲ್ಲಿ ಕೆಮ್ಮೀಸೆ ಪಿಕಳಾರ ಅನ್ನೋ ಹಕ್ಕಿಗೆ "ಜುಟ್ಟು ಪೊಲೀಸ್" ಅಂತಾರೆ, ಏನ್ ತಪ್ಪಿದೆ.

ನಿಮಗೇ ಕಲೀಬೇಕು ಅಂದ್ರೆ ತಿಂಗಳಿಗೆ ಒಂದು ಮರ ಸಾಕು. ನಿಮ್ಮ ಬೀದಿಯ ಬಾದಾಮಿ ಮರದಿಂದ ಶುರು ಮಾಡಿ, ಎಲೆ ಉದುರೋ ಮುಂಚೆ ಕೆಂಪಾಗುತ್ತೆ, ಯಾರಿಗೂ ತಪ್ಪಲ್ಲ. ಮಳೆ ಮರದ ಎಲೆ ಸಂಜೆ ಮುಚ್ಕೊಳ್ಳುತ್ತೆ. ಹಕ್ಕಿಗಳಿಗೆ ಅರ್ಲಿ ಬರ್ಡ್ ಅನ್ನೋರು ಮಾಡಿರೋ ಪೋಸ್ಟರ್‌ಗಳು ಕನ್ನಡದಲ್ಲೂ ಇವೆ, ಮರಗಳಿಗೆ ಹೂ ಕಾಯಿ ಯಾವಾಗ ಬಂತು ಅಂತ ಬರ್ದಿಡೋಕೆ ಸೀಸನ್‌ವಾಚ್ ಅಂತ ಒಂದು ಆಪ್ ಇದೆ. ಎಲ್ಲಕ್ಕಿಂತ ಒಳ್ಳೆ ಆಪ್ ಅಂದ್ರೆ ನಿಮ್ಮ ಮನೆ ಕೆಲಸಕ್ಕೆ ಬರೋ ಅಕ್ಕನೋ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಅಣ್ಣನೋ, ಹಳ್ಳಿಯಿಂದ ಬಂದೋರಿಗೆ ನಮಗೆ ಗೊತ್ತಿಲ್ಲದಷ್ಟು ಗೊತ್ತಿರುತ್ತೆ, ತುಂಬೆ ಹೂ, ಉತ್ತರಾಣಿ, ಅಣ್ಣೆ ಸೊಪ್ಪು ಎಲ್ಲಾ. ಮಗು ಎದುರಿಗೇ ಅವರನ್ನ ಕೇಳಿ.

ಅಕ್ಷರ, ಲೆಕ್ಕ ಹಿಂದೆ ಬೀಳಲ್ವಾ? ಅಡ್ಮಿಷನ್ ಟೈಮಲ್ಲಿ ಕೇಳ್ತಾರಲ್ಲ?

ಕೇಳ್ತಾರೆ, ನಿಜ. ಆದ್ರೆ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಸಿ ಅನ್ನುತ್ತೆ, ಪೇಪರ್ ಮೇಲೆ ಎಲ್ಲರೂ ಒಪ್ತಾರೆ, ನಮ್ಮ ಪಕ್ಕದ ರೋಡಿನ ನರ್ಸರಿಯಲ್ಲಿ ಮೂರು ವರ್ಷದೋರಿಗೆ ಹೋಮ್‌ವರ್ಕ್ ಕೊಡ್ತಾರೆ.

ಲೆಕ್ಕ ಹೊರಗೆ ಆಗಲ್ಲ ಅನ್ನೋದು ಸುಳ್ಳು. ಹುಣಸೆ ಬೀಜವನ್ನ ಒಂದು ಕಡೆ ತೇಯ್ದು ಬೆಳ್ಳಗೆ ಮಾಡಿ ಚೌಕಾಬಾರ ಆಡಿಸಿ, ನಾಲ್ಕು ಬೀಜ ಎಸೆದು ಎಷ್ಟು ಬಿಳಿ ಬಿತ್ತು ಅಂತ ಎಣಿಸಿ ಅಷ್ಟು ಮನೆ ನಡೆಸೋದು, ಇದಕ್ಕಿಂತ ವರ್ಕ್‌ಶೀಟ್ ಬೇಕಾ? ಅಳಗುಳಿಮಣೆಗೆ ಮಣೆಯೂ ಬೇಡ, ನೆಲದಲ್ಲಿ ಗುಳಿ ತೋಡಿದ್ರೆ ಆಯ್ತು. ಮರದ ಸುತ್ತಳತೆ ಎಷ್ಟು ಮಾರು ಅಂತ ಮಕ್ಕಳು ಕೈ ಕೈ ಹಿಡ್ಕೊಂಡು ಅಳೀತಾರೆ, ನಿನ್ನ ಮಾರು ಚಿಕ್ಕದು ನನ್ನ ಮಾರು ದೊಡ್ಡದು ಅಂತ ಜಗಳ ಬರುತ್ತೆ, ಅಳತೆಗೆ ಒಂದೇ ಕೋಲು ಬೇಕು ಅನ್ನೋದು ಆ ಜಗಳದಲ್ಲೇ ಹುಟ್ಟುತ್ತೆ. ಎಲೆಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡ್ಸೋದು, ನುಣುಪು ಒರಟು ಅಂತ ಬೇರೆ ಮಾಡೋದು, ಎಲ್ಲಾ ಗಣಿತಾನೇ. ಬರೆಯೋದಕ್ಕೆ ಬೆರಳಲ್ಲಿ ಬಲ ಬೇಕು, ಆ ಬಲ ಮಣ್ಣು ಕಲಸಿ, ಕಡ್ಡಿ ಮುರಿದು, ಹಗ್ಗ ಎಳೆದು ಬರುತ್ತೆ. ಉತ್ತರ ಕರ್ನಾಟಕದ ಕಡೆಯೋರಿಗೆ ಇದನ್ನ ಹೇಳೋದೇ ಬೇಡ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು ತಂದು ಎತ್ತಿನ ಕೊಂಬು, ಇಣಿ (ಹೆಗಲ ಮೇಲಿನ ಡುಬ್ಬ), ಗೋದಲಿ (ಮೇವಿನ ತೊಟ್ಟಿ) ಎಲ್ಲಾ ಮಾಡ್ತಾರಲ್ಲ, ಅದಕ್ಕಿಂತ ಒಳ್ಳೆ ಕ್ಲೇ ಕ್ಲಾಸ್ ನಾನಂತೂ ನೋಡಿಲ್ಲ.

ಮಾತು ಬೆಳೆಯೋದಂತೂ ಕಣ್ಣಿಗೇ ಕಾಣುತ್ತೆ. ಮನೇಲಿ "ಅದು ಕೊಡು, ಇದು ಬೇಡ" ಅಷ್ಟೇ ಮಾತಾಡೋ ಮಗು ಹೊರಗೆ ಕಥೆ ಕಟ್ಟುತ್ತೆ.

ಇದು ಫಾರಿನ್ ಐಡಿಯಾ ಅಲ್ವಾ? ಫಾರೆಸ್ಟ್ ಸ್ಕೂಲ್ ಅಂತೆಲ್ಲಾ?

ಆ ಹೆಸರಲ್ಲಿ ನಡೆಯೋದು ಯುರೋಪಿಂದ ಬಂದಿದ್ದು ಹೌದು. ಡೆನ್ಮಾರ್ಕಲ್ಲಿ 1950ರ ದಶಕದಲ್ಲೇ ತಾಯಂದಿರು ಮಕ್ಕಳನ್ನ ದಿನಾ ಕಾಡಿಗೆ ಕರ್ಕೊಂಡು ಹೋಗೋದು ಶುರುವಾಗಿ ಅದೇ ಶಿಶುವಿಹಾರ ಆಯ್ತು, ಜರ್ಮನಿಯ ಫ್ಲೆನ್ಸ್‌ಬರ್ಗಲ್ಲಿ 1993ರಲ್ಲಿ ಸರ್ಕಾರದ ಮಾನ್ಯತೆ ಸಿಕ್ತು, ಅದೇ ವರ್ಷ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಕಾಲೇಜಿನೋರು ಡೆನ್ಮಾರ್ಕಿಗೆ ಹೋಗಿ ನೋಡ್ಕೊಂಡು ಬಂದು ತಮ್ಮಲ್ಲಿ ಮಾಡಿದ್ರು. ಅಲ್ಲಿ ಮಂಜಲ್ಲೂ ಮಕ್ಕಳು ಹೊರಗೇ ಇರ್ತಾರೆ, ನಾವು ತುಂತುರು ಮಳೆ ಬಂದ್ರೆ ಕಿಟಕಿ ಹಾಕ್ತೀವಿ.

ನಮ್ಮಲ್ಲೂ ಇತ್ತು. ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ಕೆಳಗೇ ಪಾಠ ಶುರು ಮಾಡಿದ್ರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದ್ರು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನೋ ಊರಿಗೆ ಹೋಗಿ ಆದಿವಾಸಿ ಮಕ್ಕಳ ಅಂಗಳಕ್ಕೇ ಅಂಗನವಾಡಿ ತಗೊಂಡು ಹೋದ್ರು, ದುಬಾರಿ ಸಾಮಾನು ಬಿಟ್ಟು ಅಲ್ಲೇ ಸಿಗೋ ಬೀಜ, ಎಲೆ, ಕಲ್ಲಲ್ಲೇ ಕಲಿಸಿದ್ರು, ದನ ಕಾಯೋ ಮಕ್ಕಳಿಗೆ ಹುಲ್ಲುಗಾವಲಲ್ಲೇ ಶಾಲೆ ಮಾಡಿದ್ರು. ನಮ್ಮ ಪುತ್ತೂರಲ್ಲಿ ಶಿವರಾಮ ಕಾರಂತರ ಬಾಲವನ ಇವತ್ತಿಗೂ ಇದೆ, ಆ ಕಡೆ ಹೋದ್ರೆ ನೋಡಿ ಬನ್ನಿ. ಮತ್ತೆ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಹೊಲಕ್ಕೆ ಎಡೆ ಎರಚಿ) ಅಲ್ಲೇ ಉಂಡು ಆಡಿ ಬರೋದು ಯಾವ ಫಾರಿನ್?

ನಿಜವಾಗ್ಲೂ ಪ್ರಯೋಜನ ಇದೆ ಅಂತ ಪ್ರೂಫ್ ಇದೆಯಾ?

ಎಲ್ಲಕ್ಕಿಂತ ಗಟ್ಟಿ ಪ್ರೂಫ್ ಇರೋದು ಕಣ್ಣಿನ ವಿಷಯದಲ್ಲಿ. ಚೀನಾದ ಗುವಾಂಗ್‌ಝೌ ಊರಲ್ಲಿ 12 ಪ್ರೈಮರಿ ಸ್ಕೂಲ್‌ಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನ ತಗೊಂಡು ಅರ್ಧ ಸ್ಕೂಲ್‌ಗಳಲ್ಲಿ ದಿನಾ 40 ನಿಮಿಷ ಹೊರಗಿನ ಪೀರಿಯಡ್ ಸೇರಿಸಿದ್ರು, ಮೂರು ವರ್ಷ ಆದ್ಮೇಲೆ ಹೊರಗೆ ಹೋದೋರಲ್ಲಿ 30.4 ಪರ್ಸೆಂಟ್ ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣೋದು) ಬಂತು, ಹೋಗದೇ ಇದ್ದೋರಲ್ಲಿ 39.5. ಇದು 2015ರಲ್ಲಿ ಪ್ರಕಟ ಆಯ್ತು. ಹೊರಗಿನ ಬೆಳಕು ಮನೆ ಒಳಗಿನ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಮರದ ನೆರಳಲ್ಲೂ ಜಾಸ್ತಿನೇ, ಹಾಗಾಗಿ ಸುಡು ಬಿಸಿಲಲ್ಲಿ ನಿಲ್ಲಿಸ್ಬೇಕಿಲ್ಲ. ತೈವಾನಲ್ಲಿ 2010ರಿಂದ ಸ್ಕೂಲ್ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗೆ ಅಂತ ಸರ್ಕಾರನೇ ಮಾಡಿಸ್ತಿದೆ. ಈಗಾಗ್ಲೇ ಕನ್ನಡಕ ಬಂದಿದ್ರೆ ಅದು ಹೋಗುತ್ತೆ ಅಂತ ಅಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡ್ಬೇಡಿ.

ಫಿನ್ಲೆಂಡಲ್ಲಿ 2020ರಲ್ಲಿ ಬಂದ ಒಂದು ಸ್ಟಡಿ ಇದೆ, ಡೇಕೇರ್ ಅಂಗಳಕ್ಕೆ ಕಾಡಿನ ಮೇಲ್ಮಣ್ಣು, ಹುಲ್ಲು ಹಾಸಿ 3ರಿಂದ 5 ವರ್ಷದ ಮಕ್ಕಳನ್ನ ಅದರಲ್ಲಿ ಆಡೋಕೆ ಬಿಟ್ರು, 28 ದಿನದಲ್ಲೇ ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಬದಲಾದ್ವು, ರಕ್ತದಲ್ಲೂ ರೋಗನಿರೋಧಕ ವ್ಯವಸ್ಥೆ ಚೆನ್ನಾಗಾಗ್ತಿರೋ ಲಕ್ಷಣ ಕಾಣ್ತು. ಚಿಕ್ಕ ಸ್ಟಡಿ ಅದು, 75 ಮಕ್ಕಳು, ಆಸೆ ಹುಟ್ಟಿಸುತ್ತೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ 3-4 ವರ್ಷದೋರು ದಿನಕ್ಕೆ 180 ನಿಮಿಷ ಮೈ ಕೈ ಆಡಿಸ್ಬೇಕು, ಸ್ಕ್ರೀನ್ ಒಂದು ಗಂಟೆ ದಾಟಬಾರದು ಅನ್ನುತ್ತೆ. 2 ಬಿಎಚ್‌ಕೆ ಒಳಗೆ 180 ನಿಮಿಷ ಹೇಗೆ ಆಡಿಸ್ತೀರ, ಕೆಳಗಿನ ಮನೆಯವರು ಬಿಡ್ತಾರಾ?

ಹಾವು ಬಂದ್ರೆ?

ಎಲ್ಲರೂ ಕೇಳೋ ಪ್ರಶ್ನೆ. ಕೆರೆ ಸುತ್ತ ನಿಮಗೆ ಕಾಣೋದು ಬಹುತೇಕ ಕೇರೆ ಹಾವು, ನೀರು ಹಾವು, ಎರಡಕ್ಕೂ ವಿಷ ಇಲ್ಲ. ಆದ್ರೆ ನಾಗರ, ಕೊಳಕುಮಂಡಲ ಕೂಡ ನಮ್ಮ ಊರಲ್ಲಿವೆ, ಹಾಗಾಗಿ ಮಕ್ಕಳಿಗೆ "ಇದು ವಿಷದ್ದು ಇದು ಅಲ್ಲ" ಅಂತ ಕಲಿಸೋಕೆ ಹೋಗ್ಬೇಡಿ, ಯಾವ ಹಾವೇ ಆಗ್ಲಿ ನಿಂತ್ಕೋ, ಹಿಂದೆ ಸರಿ, ದೊಡ್ಡೋರನ್ನ ಕರಿ, ಇಷ್ಟೇ. ಉದ್ದ ಹುಲ್ಲು, ಕಲ್ಲು ಗುಡ್ಡೆ, ಬಿಲದೊಳಗೆ ಕೈ ಹಾಕೋ ಹಾಗಿಲ್ಲ. ಕಲ್ಲು ಎತ್ತಿ ನೋಡ್ಬೇಕು ಅಂದ್ರೆ ನಿಮ್ಮ ಕಡೆಗೆ ಎತ್ತಿ, ಅಂದ್ರೆ ಕಲ್ಲಿನ ಆಚೆ ಅಂಚು ನೆಲದಿಂದ ಏಳ್ಬೇಕು, ಒಳಗಿರೋದು ಆ ಕಡೆ ಓಡಿ ಹೋಗುತ್ತೆ. ಹುಲ್ಲಲ್ಲಿ ನಡೆಯೋವಾಗ ಕೋಲಿಂದ ತಟ್ಕೊಂಡು ಧಪ್ ಧಪ್ ಅಂತ ಕಾಲಿಡಿ.

ಅಕಸ್ಮಾತ್ ಕಚ್ಚಿದ್ರೆ ಕೊಯ್ಯೋದು, ಬಾಯಿಂದ ಹೀರೋದು, ಬಿಗಿಯಾಗಿ ಕಟ್ಟೋದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಕೈನೋ ಕಾಲೋ ಅಲ್ಲಾಡದ ಹಾಗೆ ಇಟ್ಟು, ಮಗುನ ಎತ್ಕೊಂಡು, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ವಿಷನಿರೋಧಕ ಇಂಜೆಕ್ಷನ್ ಇರೋ ಆಸ್ಪತ್ರೆಗೆ ಓಡಿ. ನಿಮ್ಮ ಹತ್ತಿರ ಅಂಥ ಆಸ್ಪತ್ರೆ ಯಾವುದು ಅಂತ ಇವತ್ತೇ ಕೇಳಿಟ್ಕೊಳಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು.

ಬೀದಿ ನಾಯಿ?

ಹಾವಿಗಿಂತ ನನಗೆ ಇದರದ್ದೇ ಭಯ ಜಾಸ್ತಿ. ಓಡಬಾರದು, ಕಿರುಚಬಾರದು, ಮರದ ಥರ ಕೈ ಕಟ್ಟಿ ನಿಲ್ಲೋದನ್ನ ಮನೇಲೇ ಆಟ ಮಾಡಿ ಕಲಿಸಿ. ಮರಿ ಹಾಕಿರೋ ನಾಯಿ ಇದ್ರೆ ಆ ಕಡೆ ಹೋಗ್ಲೇಬೇಡಿ. ಪರಚಿದ್ರೂ ಕಚ್ಚಿದ್ರೂ ತಕ್ಷಣ 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳ್ದು ಅವತ್ತೇ ಆಸ್ಪತ್ರೆಗೆ. ಅರಿಶಿನ, ಸುಣ್ಣ ಹಚ್ಬೇಡಿ.

ಮಣ್ಣಲ್ಲಿ ಆಡಿದ್ರೆ ಜಂತು ಹುಳ ಆಗಲ್ವಾ? ಬರಿಗಾಲಲ್ಲಿ ಬಿಡ್ಬೋದಾ?

ಆಗ್ಬೋದು, ಅದಕ್ಕೇ ವರ್ಷಕ್ಕೆ ಎರಡು ಸಲ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡ್ತಾರೆ, 1ರಿಂದ 19 ವರ್ಷದವರೆಗೆ. ಪ್ರೈವೇಟ್ ಸ್ಕೂಲಿನೋರು ಡಾಕ್ಟರ್ ಹತ್ರ ಕೇಳಿ. ಜನ, ನಾಯಿ ಮಲ ಮಾಡೋ ಜಾಗದಲ್ಲಿ ಬರಿಗಾಲು ಬೇಡ, ಕೊಕ್ಕೆ ಹುಳ ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತೆ. ಚೊಕ್ಕ ಜಾಗ ಇದ್ರೆ ಬಿಡಿ, ಏನಾಗಲ್ಲ. ತಿನ್ನೋ ಮುಂಚೆ ಸೋಪು ಹಾಕಿ ಕೈ ತೊಳೆಸಿ, ಉಗುರು ಕತ್ತರಿಸಿಡಿ, ಡಿಪಿಟಿ ಬೂಸ್ಟರ್ ಬಾಕಿ ಇದೆಯಾ ಅಂತ ತಾಯಿ ಕಾರ್ಡ್ ತೆಗ್ದು ನೋಡಿ. ಪಾಲಿಕೆ ಗಾಡಿ ಬಂದು ಸೊಳ್ಳೆ ಹೊಗೆ ಬಿಟ್ಟ ದಿನ, ಪಾರ್ಕಲ್ಲಿ ಔಷಧಿ ಹೊಡೆದ ದಿನ ಹೋಗ್ಬೇಡಿ.

ಯಾವ ಗಿಡ ಮುಟ್ಟಬಾರದು?

ಬಾಯಿಗೆ ಏನೂ ಹಾಕಬಾರದು ಅನ್ನೋದು ಮೊದಲ ರೂಲು. ಕಣಗಿಲೆ, ದತ್ತೂರಿ, ಹರಳು ಬೀಜ, ಕೆಂಪು ಕಪ್ಪು ಗುಲಗಂಜಿ, ಈ ನಾಲ್ಕನ್ನ ನೀವು ಮೊದಲು ಗುರುತು ಹಿಡಿಯೋದು ಕಲೀರಿ, ಗುಲಗಂಜಿ ನೋಡೋಕೆ ತುಂಬಾ ಚೆಂದ, ಅದೇ ಅಪಾಯ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು, ಆದ್ರೆ ದೂರ ನಿಂತು ನೋಡಿ, ಕಿತ್ತಳೆ ಬಣ್ಣದ ಚಿಟ್ಟೆಯ ಹುಳ ಅದರ ಎಲೆ ತಿಂತಿರುತ್ತೆ. ಪಾರ್ಥೇನಿಯಂ ಪೊದೆ ಇದ್ರೆ ಜಾಗ ಬದಲಾಯ್ಸಿ, ಸೀನು ತುರಿಕೆ ಶುರುವಾಗುತ್ತೆ. ಕಂಬಳಿ ಹುಳ ಮುಟ್ಟಿದ್ರೆ ಉಜ್ಜಬೇಡಿ, ಸೆಲ್ಲೋ ಟೇಪ್ ಅಂಟಿಸಿ ಕಿತ್ತರೆ ರೋಮ ಬರುತ್ತೆ, ಆಮೇಲೆ ತೊಳೀರಿ. ಜೇನುಗೂಡು ಕಟ್ಟಿರೋ ಮರದ ಕೆಳಗೆ ಗಲಾಟೆ ಬೇಡ.

ಬೇಸಿಗೇಲಿ, ಮಳೆಗಾಲದಲ್ಲಿ ಏನ್ ಮಾಡೋದು?

ಮಾರ್ಚಿಂದ ಮೇವರೆಗೆ ಬೆಳಗ್ಗೆ ಆರೂವರೆಗೆ ಹೋಗಿ ಒಂಬತ್ತಕ್ಕೆ ವಾಪಸ್, ಕಲಬುರಗಿ ರಾಯಚೂರು ಕಡೆಯೋರು ಇನ್ನೂ ಬೇಗ. ಮಳೆಗಾಲ ನನ್ನ ಪ್ರಕಾರ ಬೆಸ್ಟು. ಗುಡುಗು ಸಿಡಿಲು ಇಲ್ಲದ ಜಿಟಿ ಜಿಟಿ ಮಳೇಲಿ ರೇನ್‌ಕೋಟ್ ಹಾಕಿ ಬಿಡಿ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತೆ, ಕಡ್ಡಿ ಅಡ್ಡ ಇಟ್ರೆ ಏನಾಗುತ್ತೆ, ಎರೆಹುಳ ಯಾಕೆ ಮೇಲೆ ಬಂತು, ಎಲ್ಲಾ ಅವತ್ತೇ ಸಿಗೋದು. ಮೊದಲ ಮಳೆ ಆದ್ಮೇಲೆ ಸಂಜೆ ಲೈಟ್ ಕಂಬದ ಸುತ್ತ ರೆಕ್ಕೆ ಗೆದ್ದಲು ಏಳೋದನ್ನ ತಪ್ಪಿಸ್ಬೇಡಿ, ಗೋಡೆ ಮೇಲೆ ಹಲ್ಲಿಗಳ ಹಬ್ಬ, ಕೆಳಗೆ ಕಪ್ಪೆಗಳ ಹಬ್ಬ. ಮೋರಿ ತುಂಬಿ ಹರೀತಿರೋ ರೋಡಲ್ಲಿ ಮಾತ್ರ ಕಾಲಿಡ್ಬೇಡಿ. ಗುಡುಗು ಕೇಳಿದ್ರೆ ಮರದ ಕೆಳಗೆ ನಿಲ್ಲದೇ ಒಳಗೆ ಬಂದ್ಬಿಡಿ. ಡೆಂಗ್ಯೂ ಸೊಳ್ಳೆ ಹಗಲಲ್ಲೇ ಕಚ್ಚೋದು, ಅದಕ್ಕೆ ಪೂರ್ತಿ ತೋಳು, ಪೂರ್ತಿ ಪ್ಯಾಂಟು.

ರಜೆಗೆ ಮಲೆನಾಡಲ್ಲಿ ಅಜ್ಜಿ ಮನೆಗೆ ಹೋಗ್ತೀವಿ, ಅಲ್ಲಿ ತೋಟ ಕಾಡು ಸುತ್ತಿಸ್ಬೋದಾ?

ತೋಟ ಸುತ್ತಿಸಿ, ಅಜ್ಜ ಇದ್ರೆ ಅವರೇ ಟೀಚರ್ರು. ಚಗಳಿ ಇರುವೆ ಎಲೆ ಹೊಲ್ದು ಗೂಡು ಕಟ್ಟೋದನ್ನ ತೋರಿಸಿ, ಆಮೇಲೆ ಚಟ್ನಿ ತಿನ್ನೋದು ಬಿಡೋದು ನಿಮಗೆ ಬಿಟ್ಟಿದ್ದು. ಇಂಬಳಕ್ಕೆ (ಜಿಗಣೆ) ಹೆದರ್ಬೇಡಿ, ಉಪ್ಪು ಮುಟ್ಟಿಸಿದ್ರೆ ಬಿಡುತ್ತೆ. ಆದ್ರೆ ಮಂಗನ ಕಾಯಿಲೆ ಸೀರಿಯಸ್ಸು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಉಣುಗು (ಉಣ್ಣೆ ಹುಳ) ಕಚ್ಚೋದ್ರಿಂದ ಬರುತ್ತೆ, ಸಾಮಾನ್ಯವಾಗಿ ಡಿಸೆಂಬರಿಂದ ಮೇವರೆಗೆ ಜೋರು, ಅಂದ್ರೆ ಸರಿಯಾಗಿ ನಿಮ್ಮ ಬೇಸಿಗೆ ರಜೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋದ್ರೆ ಊರಿಗೆ ಕಾಲಿಟ್ಟ ತಕ್ಷಣ ಆಶಾ ಅಕ್ಕನನ್ನ ಈ ವರ್ಷ ಕೇಸ್ ಇದೆಯಾ, ಮಂಗ ಸತ್ತಿದೆಯಾ ಅಂತ ಕೇಳಿ, ಇದ್ರೆ ಕಾಡಿನ ಕಡೆ ತಲೆ ಹಾಕ್ಬೇಡಿ, ಅಂಗಳದಲ್ಲೇ ಆಡ್ಲಿ.

ಅತ್ತೆ ಮಾವ ಬೇಡ ಅಂತಾರೆ, ಮಗು ಕಪ್ಪಾಗುತ್ತೆ, ಶೀತ ಆಗುತ್ತೆ ಅಂತಾರೆ

ಅವರನ್ನೂ ಕರ್ಕೊಂಡು ಬನ್ನಿ. ವಾದ ಮಾಡಿ ಗೆಲ್ಲೋಕಾಗಲ್ಲ. ನಮ್ಮ ಗುಂಪಿನ ಒಬ್ಬ ಅಜ್ಜಿ ಮೊದಲು ಮೂಗು ಮುರೀತಿದ್ರು, ಒಂದು ದಿನ ಅರಳಿ ಎಲೆ ಸುತ್ತಿ ಪೀಪಿ ಮಾಡಿ ಊದಿ ತೋರಿಸಿದ್ರು, ಈಗ ಅವರು ಬರ್ಲಿಲ್ಲ ಅಂದ್ರೆ ಮಕ್ಕಳು ಗಲಾಟೆ ಮಾಡ್ತಾರೆ. ಶೀತ ವೈರಸ್ಸಿಂದ ಬರೋದು, ಮುಚ್ಚಿದ ರೂಮಲ್ಲಿ ಬೇಗ ಹರಡುತ್ತೆ. ಕಪ್ಪಾಗೋದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಕಪ್ಪಾದ್ರೆ ಆಗ್ಲಿ.

ನನ್ನ ಮಗ ಕಡ್ಡಿ ಸಿಕ್ರೆ ಹೊಡೀತಾನೆ, ಮಗಳು ಹೂ ಎಲ್ಲಾ ಕೀಳ್ತಾಳೆ

ಕಡ್ಡಿ ಅವನ ಕೈಗಿಂತ ಉದ್ದ ಇದ್ರೆ ಎಳ್ಕೊಂಡು ಹೋಗ್ಬೇಕು, ಚಿಕ್ಕದಿದ್ರೆ ಕೈಲಿ ಹಿಡೀಬೋದು, ಕಡ್ಡಿ ಇರೋವಾಗ ಓಡಬಾರದು. ಇಷ್ಟು ರೂಲು ಸಾಕು, ಕಡ್ಡೀನೇ ಕಿತ್ಕೋಬೇಡಿ. ಹೂವಿಗೆ ಬಿದ್ದಿರೋದು ನಿನ್ನದು, ಗಿಡದಲ್ಲಿರೋದು ಗಿಡದ್ದು ಅಂತ ಹೇಳಿ. ಹುಳ ಹೊಸಕಿದ್ರೆ ಬೈಯೋದಕ್ಕಿಂತ ಪಕ್ಕದಲ್ಲೇ ಕೂತು ಇನ್ನೊಂದು ಹುಳ ಎಲ್ಲಿಗೆ ಹೋಗ್ತಿದೆ ನೋಡೋಣ ಅಂತ ಹಿಂಬಾಲಿಸಿ.

ನಮ್ಮ ಮಗು ವೀಲ್‌ಚೇರಲ್ಲಿ ಇರುತ್ತೆ, ಬರ್ಬೋದಾ?

ಖಂಡಿತ. ಗೇಟಲ್ಲಿ ಕಂಬಿ ಇಲ್ಲದ, ವಾಕಿಂಗ್ ಪಾತ್ ಇರೋ ಕೆರೆ ಹುಡ್ಕಿ. ನೆಲ ಕೈಗೆ ಸಿಗಲ್ಲ ಅಂದ್ರೆ ಒಂದು ದೊಡ್ಡ ತಟ್ಟೆಯಲ್ಲಿ ಮಣ್ಣು, ಎಲೆ, ಬೀಜ, ನೀರು ಹಾಕಿ ಮಡಿಲಲ್ಲಿಡಿ, ಉಳಿದ ಮಕ್ಕಳು ತಾವೇ ತಂದು ತಂದು ಹಾಕ್ತಾರೆ. ಶಬ್ದ, ಗುಂಪು ಆಗದ ಮಕ್ಕಳಿಗೆ ಭಾನುವಾರಕ್ಕಿಂತ ವಾರದ ಮಧ್ಯೆ ಬೆಳಗ್ಗೆ ಒಳ್ಳೇದು.

ನಾನು ಅಂಗನವಾಡಿ ಟೀಚರ್, 30 ಮಕ್ಕಳು, ಜೊತೆಗೆ ಸಹಾಯಕಿ ಒಬ್ರೇ. ಆಗುತ್ತಾ?

ಅಮ್ಮಾ, ನಿಮಗೆ ಉಪದೇಶ ಮಾಡೋಷ್ಟು ನಾನು ದೊಡ್ಡೋಳಲ್ಲ. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದಾಗಿಂದ ಅಂಗನವಾಡಿಯೋರು ಮಾಡ್ತಿರೋ ಕೆಲಸ ದೊಡ್ಡದು. ಕಾಂಪೌಂಡ್ ಆಚೆ ಹೋಗ್ಬೇಡಿ, ಇಬ್ಬರಿಂದ ಆಗಲ್ಲ. ಅಂಗಳದಲ್ಲೇ ಒಂದು ನುಗ್ಗೆ ಗಿಡ, ಒಂದು ಕರಿಬೇವು, ಒಂದು ಮೂಲೆ ಮಣ್ಣು, ಒಂದು ಬಕೆಟ್ ನೀರು, ತೆಂಗಿನ ಚಿಪ್ಪುಗಳು. ಹತ್ತು ಹತ್ತು ಮಕ್ಕಳಾಗಿ ಬಿಡಿ, ಉಳಿದೋರಿಗೆ ಒಳಗೆ ಸಹಾಯಕಿ ಹಾಡು ಹೇಳ್ಲಿ. ತಿಂಗಳಿಗೊಂದ್ಸಲ ತಾಯಂದಿರ ಸಭೆ ದಿನ ಅವರನ್ನೂ ಸೇರಿಸ್ಕೊಂಡು ಊರ ಕಟ್ಟೆವರೆಗೆ ಹೋಗಿ ಬನ್ನಿ.

ದುಡ್ಡು ಕೊಟ್ಟು ನೇಚರ್ ಕ್ಯಾಂಪಿಗೆ ಹಾಕೋದು ಬೆಟರಾ?

ಒಳ್ಳೆ ಕ್ಯಾಂಪುಗಳೂ ಇವೆ. ಒಂದ್ಸಲ ನಾವೂ ಹೋಗಿದ್ವಿ, ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕೂರಿಸಿ ಎಲೆ ಚಿತ್ರಕ್ಕೆ ಬಣ್ಣ ಹಚ್ಚಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ಸೇರಿಸೋ ಮುಂಚೆ ಮೂರು ಕೇಳಿ: ಒಬ್ಬ ದೊಡ್ಡೋರಿಗೆ ಎಷ್ಟು ಮಕ್ಕಳು, ಫಸ್ಟ್ ಏಡ್ ಗೊತ್ತಿರೋರು ಯಾರು, ಮಕ್ಕಳು ಸುಮ್ನೆ ತಮ್ಮ ಪಾಡಿಗೆ ಇರೋಕೆ ಎಷ್ಟು ಹೊತ್ತು ಬಿಡ್ತೀರ. ಮೂರನೇದಕ್ಕೆ ತಡವರಿಸಿದ್ರೆ ನಿಮ್ಮ ದುಡ್ಡು ಉಳೀತು.

ಟಾಯ್ಲೆಟ್?

ಹೊರಡೋ ಮುಂಚೆ ಮನೇಲಿ. ಹೋದ ಜಾಗದಲ್ಲಿ ಎಲ್ಲಿದೆ ಅಂತ ಮೊದಲೇ ನೋಡಿಟ್ಕೊಳಿ, ಅದಕ್ಕೇ ಎರಡೂವರೆ ಗಂಟೆಗಿಂತ ಜಾಸ್ತಿ ಹೊತ್ತು ಇರೋ ಪ್ಲಾನ್ ಮಾಡ್ಬೇಡಿ.

ಏನೇನು ತಗೊಂಡು ಹೋಗ್ಬೇಕು?

ನೀರು, ಟೋಪಿ, ಒಂದು ಜೊತೆ ಬಟ್ಟೆ, ಹಳೇ ಟವೆಲ್, ಸೋಪು, ಬ್ಯಾಂಡೇಜು, ಬಾಳೆಹಣ್ಣೋ ಕಡ್ಲೆಪುರಿಯೋ. ಬಿಳಿ ಬಟ್ಟೆ ಹಾಕಿಸ್ಬೇಡಿ. ಒಂದು ಖಾಲಿ ಬಟ್ಟೆ ಚೀಲ ಇರ್ಲಿ, ದಾರಿ ಉದ್ದಕ್ಕೂ ಹೆಕ್ಕಿದ್ದನ್ನೆಲ್ಲಾ ನಿಮ್ಮ ಬ್ಯಾಗಿಗೇ ತುಂಬ್ತಾರೆ ಇಲ್ಲಾಂದ್ರೆ. ಮನೆಗೆ ಬಂದ್ಮೇಲೆ ಬಟ್ಟೆ ಮಷೀನಿಗೆ ಹಾಕೋ ಮುಂಚೆ ಜೇಬು ತಡಕಿ, ನಮ್ಮ ಮನೆ ಮಷೀನ್ ರಿಪೇರಿ ಮಾಡೋಕೆ ಬಂದಿದ್ದ ಹುಡುಗ ಒಳಗಿಂದ ತೆಗ್ದಿದ್ದು ಒಂದು ಹಿಡಿ ಹೊಂಗೆ ಬೀಜ.